ತುಕ್ಕಿನ ಕೈಗುಣ

ಒಬ್ಬೊಬ್ಬರದು ಒಂದೊಂದು ಕೈಗುಣ. ಒಬ್ಬ ವೈದ್ಯ ನಾಡಿ ಹಿಡಿದರೆ ಜ್ವರ ಕೆಳಗಿಳಿಯುತ್ತದೆ, ಇನ್ನೊಬ್ಬ ಹಿಡಿದರೆ ರೋಗಿ ಮೇಲಕ್ಕೆ ಹೋಗುತ್ತಾನೆ. ಪಂಪು ಮಾಡುವ ಕಾರ್ಖಾನೆಯ ಈ ಫಿಟ್ಟರನ ಕೈಗುಣ ತುಕ್ಕು. ಬೆವರಿನಲ್ಲಿ ಅದೇನು ಉಪ್ಪೋ ಹುಳಿಯೋ, ಹೊಳೆಯುವ ಉಕ್ಕನ್ನು ಮುಟ್ಟಿದರೆ ಮಾರನೆಯ ದಿನ ಅಲ್ಲಿ ಕೆಂಪಗೆ ಅವನ ಹೆಬ್ಬೆಟ್ಟು ಮೂಡುತ್ತಿತ್ತು. ಗ್ಲೌಸ್ ಹಾಕಿಕೊಂಡರೆ ಶಾಫ್ಟ್ ಕೂರುವ ಸಂದು ಬೆರಳಿಗೆ ತಿಳಿಯದು. ಗಿರಾಕಿಗಳು ಮಾಲು ವಾಪಸು ಕಳಿಸಿದ ಮೇಲೆ ಮಾಲೀಕ ಅವನನ್ನು ಪಂಪು ಜೋಡಿಸುವ ಬೆಂಚಿನಿಂದ ಎಬ್ಬಿಸಿ, ಮರದ ಪೆಟ್ಟಿಗೆಗೆ ಮೊಳೆ ಹೊಡೆಯಲು ಹಾಕಿದ. ಹೆತ್ತವರಿಟ್ಟ ಹೆಸರು ಮೂಲೆಗೆ ಬಿತ್ತು, 'ತುಕ್ಕಣ್ಣ' ಉಳಿಯಿತು.

"ನನ್ನ ಕೈ ಹಿಡಿದು ಇಷ್ಟು ವರ್ಷ ಆಯ್ತು, ನನಗೇನೂ ತುಕ್ಕು ಹಿಡೀಲಿಲ್ವಲ್ಲ," ಎಂದು ಹೆಂಡತಿ ನಗಿಸಲು ನೋಡಿದಳು.

"ನಿನ್ನ ನಾಲಿಗೆಗೆ ಹಿಡಿದಿದ್ರೆ ನೆಮ್ಮದಿಯಾಗಿರ್ತಿದ್ದೆ," ಎಂದು ಸಿಡುಕಿದ.

ಆಮೇಲೆ ಹೊಸ ಲೋಹ ಬಂತು. ಕಬ್ಬಿಣದ ಜೊತೆ ನಿಕಲ್, ಕ್ರೋಮಿಯಂ, ಇನ್ನೂ ಎರಡು. ಯಾವುದೂ ಹೆಚ್ಚಲ್ಲ, ಯಾವುದೂ ಕಡಿಮೆಯಲ್ಲ, ಐದನ್ನೂ ಸಮಸಮ ಕರಗಿಸಿ ಎರಕ ಹೊಯ್ದದ್ದು. ಉಪ್ಪುನೀರಿಗೂ ಜಗ್ಗುವುದಿಲ್ಲವೆಂದು ಮಾಡಿದವರ ಮಾತು. ಮಾಲೀಕನಿಗೆ ನಂಬಿಕೆ ಬರಲಿಲ್ಲ. ಒಂದು ತುಂಡು ಹಿಡಿದು ಪೆಟ್ಟಿಗೆ ಕೋಣೆಗೆ ತಾನೇ ಬಂದ.

"ತುಕ್ಕಣ್ಣಾ, ಇದನ್ನೊಂದು ಸಲ ಸವರು ನೋಡೋಣ."

"ತುಕ್ಕು ಹಿಡೀದಿದ್ರೆ ನನ್ನ ಬೆಂಚು ನನಗೆ ಕೊಡ್ತೀರಾ, ಸಾರ್?"

"ಮೊದಲು ಸವರಯ್ಯ!"

ಕೈ ತೊಳೆದು ಬಂದು ಮುಟ್ಟಿದ್ದರೆ ಕೇಳುವವರು ಯಾರು? ಅವನು ಹಾಗೆ ಮಾಡಲಿಲ್ಲ. ಮೊಳೆ ಹೊಡೆದು ಬೆವೆತ ಅಂಗೈಯನ್ನೇ ಒತ್ತಿದ. ಪಕ್ಕದಲ್ಲಿ ಒಂದು ಉಕ್ಕಿನ ತುಂಡಿಗೂ ಒತ್ತಿಟ್ಟ. ದಿನಾ ಬೆಳಿಗ್ಗೆ ಬಂದವನೇ ಇಣುಕುತ್ತಿದ್ದ. ಉಕ್ಕು ಕೆಂಪಾಗಿ, ಹುಣ್ಣಾಗಿ, ಗುಳಿ ಬಿತ್ತು. ಹೊಸದು ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಲೇ ಇತ್ತು. ಹೆಂಡತಿಗೆ ಹೇಳಿ ಫಿಟ್ಟರ್ ಬಟ್ಟೆ ಒಗೆಸಿದ, ತೊಟ್ಟುಕೊಂಡೇ ಮಾಲೀಕನೆದುರು ನಿಂತ.

"ಬೆಂಚಿಗೆ ಕೈ ಎಷ್ಟು ಬೇಕಾದ್ರೂ ಸಿಗ್ತಾವೆ. ಇಂಥ ವಿಷದ ಕೈ ಎಲ್ಲಿ ಸಿಗತ್ತೆ ಹೇಳು? ಇನ್ಮೇಲೆ ಬರೋ ಎರಕಕ್ಕೆಲ್ಲ ನೀನೇ ಕೈ ಒತ್ತಬೇಕು. ನಮ್ಮ ಗ್ಯಾರಂಟಿ ನೀನೇ ಕಣಯ್ಯ!"

ಹೊಗಳಿಕೆಯಂತೆ! ಆ ಹೊಗಳಿಕೆಗಿಷ್ಟು ಬೆಂಕಿ ಬೀಳಲಿ.

ಈಗ ಅವನಿಗೊಂದು ಮೇಜು, ಒಂದು ಕುರ್ಚಿ. ಅಂಗೈ ಒತ್ತುವುದು, ಕಾಯುವುದು. ಎದುರಿಗೇ ನಿನ್ನೆ ಮೊನ್ನೆ ಸೇರಿದವರು ಅದೇ ಲೋಹದ ಶಾಫ್ಟ್ ಕೂರಿಸುತ್ತಾರೆ, ಸೊಟ್ಟ ಕೂರಿಸುತ್ತಾರೆ, ಸದ್ದಿನಲ್ಲೇ ಅವನಿಗೆ ತಿಳಿಯುತ್ತದೆ. ಎದ್ದು ಹೋಗುವ ಹಾಗಿಲ್ಲ. ಹಲ್ಲು ಕಚ್ಚಿ ಅಂಗೈ ಒತ್ತುತ್ತಾನೆ: ಹಿಡಿ, ದರಿದ್ರದ್ದೇ, ಒಂದು ಸಲವಾದರೂ ತುಕ್ಕು ಹಿಡಿ.

ಅದು ಹಿಡಿಯುವುದಿಲ್ಲ.