ಅಧಿಕ ಮಾಸದ ಮೋಟಾರು

ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಎನ್ನುತ್ತಾರೆ. ಡ್ರೈವರ್ ಈರಣ್ಣನ ಪಾಲಿಗೆ ದೇವರೂ ಕೊಟ್ಟಿದ್ದ, ಪೂಜಾರಿಯೂ ಕೊಟ್ಟಿದ್ದ. ಬೇಡ, ಸ್ವಲ್ಪ ತಡೀರಿ ಎಂದವನು ಈರಣ್ಣನೇ. ನೆನೆದರೆ ಮೊದಲು ಸಿಟ್ಟು ಬರುತ್ತದೆ, ಸಿಟ್ಟಿನ ಬೆನ್ನಿಗೇ ಕರುಳು ಚುರುಕ್ಕೆನ್ನುತ್ತದೆ.

ಬೈಲಹೊಂಗಲದ ಕಡೆಯ ಮನುಷ್ಯ. ಮೀಸೆ ಚಿಗುರುವ ವಯಸ್ಸಿನಲ್ಲಿ ಪುಣೆಗೆ ಬಂದು, ಅರಳೆ ಲಾರಿಯ ಮೇಲೆ ಕ್ಲೀನರ್ ಆಗಿ ಕೈ ಪಳಗಿಸಿಕೊಂಡು, ಕೊನೆಗೆ ಕ್ಯಾಂಪಿನಲ್ಲಿ ವಿಟ್ಕಂಬ್ ಎಂಬ ಇಂಗ್ಲಿಷ್ ಇಂಜಿನಿಯರನ ಬಂಗಲೆ ಸೇರಿದ. ಸಾಹೇಬ ಹೊಸ ಮಾರಿಸ್ ಮೋಟಾರು ಕೊಂಡಾಗ ಅದನ್ನು ಬೊಂಬಾಯಿಯಿಂದ ಘಾಟು ಹತ್ತಿಸಿ ತಂದವನು ಇವನೇ. ಅಂದಿನಿಂದ ಅದರ ಹ್ಯಾಂಡಲಿಗೆ ಬೇರೆಯವರ ಕೈ ತಾಗಲಿಲ್ಲ. ಬಂಗಲೆಯ ಹಿಂದೆ, ಮೊದಲು ಕುದುರೆ ಕಟ್ಟುತ್ತಿದ್ದ ಲಾಯದ ಒಂದು ಖೋಲಿಯಲ್ಲಿ ಈರಣ್ಣನ ಸಂಸಾರ. ಸಂಸಾರವೆಂದರೆ ಅವನು, ಹೆಂಡತಿ ನಾಗವ್ವ, ಅಷ್ಟೇ. ಮಕ್ಕಳಾಗಲಿಲ್ಲ. ಗಂಡ ಬೆಳಗೆದ್ದು ಮೋಟಾರಿನ ಮೈ ಒರೆಸುವುದನ್ನು ನೋಡಿ ನಾಗವ್ವ, “ಎದ್ಲೇನ್ರೀ ನನ್ನ ಸವತಿ?” ಎಂದು ಚುಡಾಯಿಸುತ್ತಿದ್ದಳು. ಆ ಸವತಿಯ ಹಿತ್ತಾಳೆಯನ್ನೆಲ್ಲ ಹುಣಸೆಹಣ್ಣು ಹಚ್ಚಿ ಬೆಳಗುತ್ತಿದ್ದವಳೂ ಅವಳೇ. ಆದರೆ ಅಷ್ಟು ವರ್ಷಗಳಲ್ಲಿ ಒಂದು ಸಲವೂ ಅದರಲ್ಲಿ ಕೂತವಳಲ್ಲ. ಸಾಹೇಬನ ಗಾಡಿಯಲ್ಲಿ ಡ್ರೈವರನ ಹೆಂಡತಿ ಕೂಡುವುದುಂಟೆ?

ನಲವತ್ತೇಳನೆಯ ಇಸವಿ ಬಂತು. ಸಾಹೇಬರೆಲ್ಲ ಗಂಟುಮೂಟೆ ಕಟ್ಟತೊಡಗಿದರು. ಕ್ಯಾಂಪಿನ ಮರಗಳ ಕೆಳಗೆ ಕೆಲಸ ಹೋದ ಬಟ್ಲರುಗಳು, ಮಾಲಿಗಳು, ಡ್ರೈವರುಗಳು ಬೀಡಿ ಸೇದುತ್ತ ಕೂತಿರುತ್ತಿದ್ದರು. ವಿಟ್ಕಂಬ್ ಸಾಹೇಬ ಸ್ವದೇಶಕ್ಕೆ ಹೋಗದೆ ಕೀನ್ಯಾಕ್ಕೆ ಹೊರಟಿದ್ದ, ಅಲ್ಲೇನೋ ಹೊಸ ನೌಕರಿ. ಮೋಟಾರನ್ನೂ ಹಡಗಿನಲ್ಲಿ ಒಯ್ಯುವುದೆಂದು ಅವನ ಮನಸ್ಸು. ಅದನ್ನು ವಿಚಾರಿಸಲು ಈರಣ್ಣನನ್ನು ಕರೆದುಕೊಂಡು ಮೋಟಾರ್ ಕಚೇರಿಗೆ ಹೋದ.

ಅಲ್ಲಿಯ ಗುಮಾಸ್ತ ಪ್ರಲ್ಹಾದರಾಯರು ಧಾರವಾಡದವರು. ಹಣೆಯ ಮೇಲೆ ಅಂಗಾರ ಅಕ್ಷತೆ, ಬಾಯಲ್ಲಿ ಸಾಹೇಬನಿಗೆ ಇಂಗ್ಲಿಷು, ಈರಣ್ಣನಿಗೆ ಕನ್ನಡ. ಇಲ್ಲಿಯ ನೋಂದಣಿ ಮುಚ್ಚಬೇಕು, ಹೋಗುವ ದಿನದವರೆಗಿನ ಕರ ಚುಕ್ತಾ ಆಗಬೇಕು, ನಂಬರಿನ ತಗಡು ಕಳಚಿಡಬೇಕು. ಆಮೇಲೆ ಅಲ್ಲಿ ಬಂದರಿನಲ್ಲಿ ಸುಂಕ, ಊರು ಸೇರಿದ ಮೇಲೆ ಹೊಸ ನೋಂದಣಿ, ಹೊಸ ಕರ, ಹೊಸ ತಗಡು. ಕೇಳುತ್ತ ಕೇಳುತ್ತ ಸಾಹೇಬನ ಮುಖ ಕೆಂಪಾಗಿ, ಕೊನೆಗೆ ಅವನು ಜೋರಾಗಿ ನಕ್ಕುಬಿಟ್ಟ.

ತಿರುಗಿ ಬರುವಾಗ ದಾರಿಯಲ್ಲೇ ಅಂದ, ಅರ್ಧ ಹಿಂದುಸ್ತಾನಿ, ಅರ್ಧ ಇಂಗ್ಲಿಷು: “ಈರಣ್ಣ, ಈ ಮುದುಕಿಯನ್ನು ಎರಡು ದೇಶಕ್ಕೆ ಮದುವೆ ಮಾಡಿಕೊಡುವ ಶಕ್ತಿ ನನಗಿಲ್ಲ. ನೀನೇ ಇಟ್ಟುಕೋ. ನಾಳೆ ಬಾ, ನಿನ್ನ ಹೆಸರಿಗೆ ಮಾಡಿಸಿ ಸಹಿ ಹಾಕುತ್ತೇನೆ.”

ಈರಣ್ಣನ ಕಾಲು ಬ್ರೇಕಿನ ಮೇಲೆಯೇ ನಿಂತುಬಿಟ್ಟಿತು. ಹಿಂದಿನ ಟಾಂಗಾದವನು ಮರಾಠಿಯಲ್ಲಿ ಅವನ ಅಪ್ಪ ಅಜ್ಜಂದಿರನ್ನೆಲ್ಲ ನೆನೆದ. ಈರಣ್ಣನಿಗೆ ಒಂದೂ ಕೇಳಿಸಲಿಲ್ಲ. ಕೆಲಸ ಹೋಗುತ್ತದೆ, ತಲೆಯ ಮೇಲಿನ ಖೋಲಿಯೂ ಹೋಗುತ್ತದೆ, ಐವತ್ತು ದಾಟಿದವನನ್ನು ಇನ್ನು ಯಾರು ಕರೆದಾರು ಎಂದು ತಿಂಗಳಿನಿಂದ ಅನ್ನ ಸೇರುತ್ತಿರಲಿಲ್ಲ. ಈಗ ಮೋಟಾರು ತನ್ನದಾದರೆ ಬಾಡಿಗೆಗೆ ಓಡಿಸಬಹುದು. ದೇಹೂ ರೋಡಿನ ದಂಡಿನವರು ಸ್ಟೇಷನ್ನಿಗೆ ದಿನಾ ಬಂದು ಹೋಗುವವರೇ. ಬದುಕು ಮುಗಿಯಿತು ಎಂದುಕೊಂಡ ಜಾಗದಲ್ಲಿ ಬದುಕು ಕಣ್ಣುಬಿಟ್ಟಿತ್ತು.

ಮನೆಗೆ ಬಂದು ಹೇಳಿದ. ನಾಗವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಗಲ್ಲ ಗಲ್ಲ ಬಡಿದುಕೊಂಡಳು.

“ಅಯ್ಯ ಶಿವನ! ಅಧಿಕ ಮಾಸದಾಗ?”

ಅದು ಅಧಿಕ ಶ್ರಾವಣ. ಪುಣೆಯವರು ಧೋಂಡ್ಯಾಚಾ ಮಹಿನಾ ಎನ್ನುತ್ತಾರೆ. ಆ ತಿಂಗಳು ಮದುವೆ ಇಲ್ಲ, ಮುಂಜಿ ಇಲ್ಲ, ಹೊಸ ವಸ್ತು ಹೊಸ್ತಿಲು ದಾಟುವಂತಿಲ್ಲ. ಕೊಡುವವನಿಗೆ ದಾನದ ಪುಣ್ಯವೇನೋ ಉಂಟು. ತೆಗೆದುಕೊಳ್ಳುವವನ ಗತಿ ಬೇರೆ.

“ಈ ತಿಂಗಳದಾಗ ದಾನಾ ತಗೊಂಡ್ರ ಕೊಟ್ಟಾವ್ರ ಪಾಪಾನೂ ಕೂಡ ಬರ್ತದ ಅಂತಾರ್ರೀ. ನಮ್ಮಪ್ಪ ಅಧಿಕದಾಗ ಎಮ್ಮಿ ತಂದಿದ್ದು ನೆನಪದ ಇಲ್ಲೋ? ಕರಾನೂ ಉಳೀಲಿಲ್ಲ, ಎಮ್ಮೀನೂ ಉಳೀಲಿಲ್ಲ. ಹಿಂದಿಂದ ಅವನೂ ಹಾಸಿಗಿ ಹಿಡದಾ.”

“ಸಾಹೇಬ್ರು ನಾಳೇನ ಬಾ ಅಂದಾರಲ್ಲ...”

“ಇಷ್ಟ್ ವರ್ಷ ತಡದೀರಿ, ಹತ್ತು ಹದಿನೈದು ದಿನಕ್ಕ ಏನ ಆಗ್ತದ? ಅಮಾಸಿ ಕಳೀಲಿ. ನಿಜ ಶ್ರಾವಣದ ಮೊದಲನೇ ದಿನಾ ಕಾಯಿ ಒಡದು ತಗೋರಿ.”

ಹೆಂಡತಿಯ ಮಾತು ಎಂದು ಅವಳ ತಲೆಗೆ ಕಟ್ಟುವುದು ಬೇಡ. ಈರಣ್ಣನಿಗೂ ಎದೆಯಲ್ಲಿ ಅದೇ ಅಳುಕಿತ್ತು. ಆ ಎಮ್ಮೆಯನ್ನು ಹೂಳಲು ಹೊಲದ ಬದುವಿನಲ್ಲಿ ತಗ್ಗು ತೋಡಿದವರಲ್ಲಿ ಅವನೂ ಒಬ್ಬ. ಮರುದಿನ ಸಾಹೇಬನೆದುರು ಕೈಕಟ್ಟಿ ನಿಂತು ಅಮಾವಾಸ್ಯೆಯವರೆಗೆ ತಡೆಯಬೇಕೆಂದು ಬೇಡಿಕೊಂಡ. ಸಾಹೇಬನ ಹಡಗು ತಿಂಗಳ ಕೊನೆಗೆ. “ನಿಮ್ಮ ತಿಂಗಳುಗಳಿಗೆ ತಿಂಗಳು ಹುಟ್ಟುತ್ತವೆ!” ಎಂದು ನಕ್ಕು, ಆಗಲಿ ಎಂದ. ಅವನಿಗೇನು, ಎಂದಾದರೂ ಒಂದು ಸಹಿ.

ನಾಗವ್ವ ತನ್ನ ಇಳಕಲ್ ಸೀರೆಯ ಸೆರಗು ಕತ್ತರಿಸಿ ಮುಂದಿನ ಸೀಟಿಗೆ ಗವಸಣಿಗೆ ಹೊಲಿದಳು. ಪೂಜೆಯ ದಿನ ಹೊದಿಸುವುದೆಂದು ಮಡಿಚಿ ಟ್ರಂಕಿನಲ್ಲಿಟ್ಟಳು. “ಆವತ್ತ ನನ್ನ ಒಂದ್ ಸುತ್ತ ಒಯ್ರಿ, ಹಿಂದಿನ ಸೀಟ್ ನನಗ ಬ್ಯಾಡ, ಮುಂದ ಕೂಡಾಕಿ ನಾ,” ಎಂದಳು. ಐವತ್ತರ ಹತ್ತಿರದ ಹೆಂಗಸು ಹೊಸ ಮದುವಣಗಿತ್ತಿಯ ಹಾಗೆ ನಾಚಿದಳು.

ಮನುಷ್ಯ ಒಂದು ಎಣಿಸಿದರೆ ದೈವ ಇನ್ನೊಂದು ಎಣಿಸುತ್ತದೆ. ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಇರುವಾಗ ಬೊಂಬಾಯಿಯಿಂದ ತಂತಿ ಬಂತು. ಬೇರೆ ಹಡಗಿನಲ್ಲಿ ಜಾಗ ಸಿಕ್ಕಿದೆ, ಇಂದೇ ಹೊರಡಬೇಕು. ಬಂಗಲೆಯಲ್ಲಿ ಗದ್ದಲವೋ ಗದ್ದಲ. ಪೆಟ್ಟಿಗೆಗಳನ್ನು ಲಾರಿಗೆ ಏರಿಸಿ ಸಾಹೇಬ ಮೋಟಾರಿನಲ್ಲಿ ಕೂತವನೇ, “ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಕಚೇರಿ ಇದೆಯಲ್ಲ, ಸಹಿ ಮಾಡಿ ಮುಗಿಸೋಣ,” ಎಂದ. ಹೇಳಿ, ಮಡಿಲಲ್ಲಿದ್ದ ಚೀಲದಲ್ಲಿ ಟಿಕೆಟ್ಟು ಹುಡುಕುವುದರಲ್ಲಿ ಮುಳುಗಿದ.

ಈಗ ನೋಡಿ ಈ ಮನುಷ್ಯನ ಹಣೆಬರಹ. ಕಚೇರಿಗೆ ಎಡಕ್ಕೆ ಹೊರಳಬೇಕು. ಸ್ಟೀರಿಂಗು ಅವನ ಕೈಯಲ್ಲೇ ಇದೆ. ತಿರುವಿನಲ್ಲಿ ಬೇವಿನ ಮರ ಕಾಣಿಸಿತು, ಅದರಾಚೆ ಕಚೇರಿಯ ಹಂಚಿನ ಮಾಡು. ಈರಣ್ಣನ ಕಣ್ಣಿಗೆ ಮಾತ್ರ ಕಂಡದ್ದು ಕಾಲು ಚಾಚಿ ಬಿದ್ದ ಆ ಎಮ್ಮೆ. ಇಷ್ಟು ತಡೆದು ಈಗ ನಾಲ್ಕು ದಿನಕ್ಕಾಗಿ ಕೆಡಿಸಿಕೊಳ್ಳಲೇ? ಕಾಗದ ತಾನೆ, ಟಪಾಲಿನಲ್ಲಿ ಬಂದೀತು. ಅಯ್ಯೋ ಹುಚ್ಚಪ್ಪ, ಹೊರಳಿಸೋ! ಆದರೆ ಅವನ ಕೈ ಹೊರಳಲಿಲ್ಲ. ಮೋಟಾರು ನೆಟ್ಟಗೆ ಮುಂದೆ ಹೋಯಿತು.

ಸ್ಟೇಷನ್ನಿನಲ್ಲಿ ಇಳಿದ ಮೇಲೆ ಸಾಹೇಬನಿಗೆ ನೆನಪಾಯಿತು. “ಅರೇ, ಸಹಿ!”

“ಬೊಂಬಾಯಿಂದ ಬರೆದು ಕಳಿಸ್ರಿ ಸಾಹೇಬ್. ರೈಲು ಹೋಗುವ ಹೊತ್ತಾಯಿತು,” ಎಂದು ಈರಣ್ಣ ತನಗೆ ಬರುವ ಹಿಂದುಸ್ತಾನಿಯಲ್ಲಿ ಹೇಳಿದ.

ಕಳಿಸುತ್ತೇನೆ ಎಂದ ಸಾಹೇಬ. ಮೋಟಾರಿನ ಎರಡನೆಯ ಕೀಲಿಕೈ ಅವನ ಜೇಬಿನಲ್ಲಿತ್ತು. ಅದನ್ನು ತೆಗೆದು ಈರಣ್ಣನ ಮುಂದೆ ಹಿಡಿದ. ಈರಣ್ಣ ಕೈ ಒಡ್ಡಲಿಲ್ಲ. ಕೈಗೆ ತೆಗೆದುಕೊಂಡರೆ ದಾನ ಸ್ವೀಕರಿಸಿದ ಹಾಗೆಯೇ ಅಲ್ಲವೇ? “ಒಳಗೇ ಇಟ್ಟುಬಿಡಿ ಸಾಹೇಬ್,” ಎಂದ. ಸಾಹೇಬ ಹುಬ್ಬೇರಿಸಿ, ಕೀಲಿಕೈಯನ್ನು ಸೀಟಿನ ಮೇಲೆ ಎಸೆದು, ಇವನ ಕೈ ಕುಲುಕಿ ಹೋದ. ರೈಲು ಕಣ್ಮರೆಯಾಗುವವರೆಗೆ ಈರಣ್ಣ ತಲೆಯ ರುಮಾಲು ತೆಗೆದು ನಿಂತಿದ್ದ.

ಹದಿನೈದನೆಯ ತಾರೀಖು ಊರೆಲ್ಲ ಬಾವುಟ, ಪೇಢೆ, ಮೆರವಣಿಗೆ. ಓಣಿಯವರು ಬಂದು, “ಮೋಟಾರ್ ತೆಗೀರೋ ಈರಣ್ಣಾ, ಇವತ್ತು ತೆಗೀದಿದ್ದರ ಯಾವತ್ತು?” ಎಂದು ಪೀಡಿಸಿದರು. ಇವನು ಮೋಟಾರು ತಂದು ನಿಲ್ಲಿಸಿದ್ದ ಕೊಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಇನ್ನೂ ಮಾಸ ಮುಗಿದಿಲ್ಲ ಎಂದ. ಸ್ವಾತಂತ್ರ್ಯವೇ ಅಧಿಕ ಮಾಸದಲ್ಲಿ ಬಂದಿದೆ, ನಿನ್ನದೇನಪ್ಪಾ ಎಂದು ಅವರು ನಕ್ಕರು.

ನಿಜ ಶ್ರಾವಣ ಬಂತು. ಕಾಗದ ಬರಲಿಲ್ಲ. ಕಾಗದವಿಲ್ಲದೆ ಪೂಜೆ ಹೇಗೆ ಎಂದು ಈರಣ್ಣ ಕಾಯಿ ಒಡೆಯಲಿಲ್ಲ. ಟಪಾಲಿನವನ ದಾರಿ ನೋಡಿ ನೋಡಿ ಸಾಕಾಗಿ ಪ್ರಲ್ಹಾದರಾಯರ ಮುಂದೆ ಹೋಗಿ ನಿಂತ.

“ಮಾಲಕರ ಸಹಿ ಇಲ್ದ ನಾ ಏನೂ ಮಾಡ್ಲಿಕ್ಕೆ ಬರೂದಿಲ್ಲೋ ಈರಣ್ಣ,” ಎಂದರು ರಾಯರು. “ಬಾಡಿಗಿ ಪರವಾನಗೀನೂ ನಿನ್ನ ಹೆಸರಿಗೆ ಸಿಗೂದಿಲ್ಲ.”

“ಕರಾ ನಾ ತುಂಬತೀನ್ರಿ. ಮುಂದಿಂದೂ ತುಂಬತೀನಿ, ಬೇಕಾದ್ರ ಕೈಗಡಾ ಮಾಡಿ ತುಂಬತೀನ್ರಿ.”

“ಕರಾ ಯಾರು ತುಂಬಿದ್ರೂ ಸರ್ಕಾರ ತಗೋತದಪ್ಪಾ. ಹೆಸರು ಕೊಡಾಂವಾ ಮಾತ್ರ ಮಾಲಕ ಒಬ್ಬನ. ಅಂವಾ ಸಮುದ್ರದ ಮ್ಯಾಲ ಇದ್ದಾನ.” ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. “ಅಂವಾ ಸ್ಟೇಷನ್ನಿಗೆ ಹೋಗೂ ಮುಂದ ಇಲ್ಲೇ ಹಾದು ಹೋಗಿರ್ಬೇಕಲ್ಲೋ. ಐದು ಮಿನಿಟಿನ ಕೆಲಸಾ ಇತ್ತು.”

ಈರಣ್ಣ ಕೈಮುಗಿದು ಹೊರಗೆ ಬಂದ. ಹೌದು, ಹಾದು ಹೋಗಿದ್ದ. ಹಾಯಿಸಿಕೊಂಡು ಹೋದವನು ಯಾರೆಂದು ಯಾವ ಬಾಯಿಂದ ಹೇಳಿಯಾನು?

ಅದರ ಮುಂದಿನ ವಾರ ಬೊಂಬಾಯಿಯ ಒಂದು ಹರಾಜಿನ ಕಂಪನಿಯಿಂದ ಏಕನಾಥ ಎಂಬವನು ಬಂದ. ನಾಗವ್ವ ಆ ಹೊತ್ತಿಗೆ ರವಿವಾರ ಪೇಟೆಯ ಊರವರ ಮನೆಗೆ ಹೋಗಿದ್ದಳು. ಸಾಹೇಬ ಹಡಗು ಹತ್ತುವ ಗಡಿಬಿಡಿಯಲ್ಲಿ, ಪುಣೆಯ ಬಂಗಲೆಯಲ್ಲಿ ಉಳಿದದ್ದನ್ನೆಲ್ಲ ಮಾರುವ ಅಧಿಕಾರವನ್ನು ಈ ಕಂಪನಿಗೆ ಬರೆದುಕೊಟ್ಟಿದ್ದ. ಉಳಿದದ್ದೆಲ್ಲ ಎಂದರೆ ಕಪಾಟು, ಮಂಚ, ಕೊಟ್ಟಿಗೆಯಲ್ಲಿ ನಿಂತ ಮೋಟಾರು. ಬರೆಯುವಾಗ ಅವನಿಗೆ ಈರಣ್ಣನ ನೆನಪೇ ಆಗಲಿಲ್ಲವೋ, ಈರಣ್ಣನಿಗೇ ಮೋಟಾರು ಬೇಡವೆಂದು ತಿಳಿದನೋ, ಸಮುದ್ರಕ್ಕೆ ಹೋಗಿ ಕೇಳುವವರಾರು? ಏಕನಾಥ ಬಾಗಿಲು ತೆರೆಸಿದ. ಸೀಟಿನ ಮೇಲೆ ಕೀಲಿಕೈ ಎಸೆದಲ್ಲೇ ಬಿದ್ದಿತ್ತು.

“ಮೋಟಾರು ನನಗೆ ಕೊಟ್ಟು ಹೋಗಿದ್ದಾರೆ,” ಎಂದ ಈರಣ್ಣ ಮರಾಠಿಯಲ್ಲಿ.

ಏಕನಾಥ ಕೆಟ್ಟವನಲ್ಲ. ಬಿಡಿಸಿ ಕೇಳಿದ. “ಕೊಟ್ಟರು, ಸರಿ. ನೀನು ತೆಗೆದುಕೊಂಡೆಯಾ? ತೆಗೆದುಕೊಂಡಿದ್ದೇನೆ ಅನ್ನು, ನಾನು ಮಾರಾಟ ನಿಲ್ಲಿಸಿ ಕಂಪನಿಯಿಂದ ಸಾಹೇಬರಿಗೆ ಬರೆಸುತ್ತೇನೆ.”

ಒಂದು ಸುಳ್ಳು ಸಾಕಿತ್ತು. ಸುಳ್ಳೂ ಅಲ್ಲ, ಹೂಂ ಎಂಬ ಒಂದು ಮಾತು. ಈರಣ್ಣನಿಗೆ ಸ್ಟೇಷನ್ನಿನಲ್ಲಿ ಒಡ್ಡದೇ ಉಳಿದ ತನ್ನ ಅಂಗೈ ಕಾಣಿಸಿತು. ಶಿವ ನೋಡಿದ್ದಾನೆ ಎನಿಸಿತು. “ಇಲ್ಲ,” ಎಂದ, “ಅವರು ಕೊಟ್ಟಿದ್ದರು. ನಾನೇ ತೆಗೆದುಕೊಳ್ಳಲಿಲ್ಲ.” ಸತ್ಯವಂತನಿಗೆ ಸಾವಿಲ್ಲ ಎಂದು ಹಾಡಿಕೊಳ್ಳುತ್ತಾರಲ್ಲ, ಅವರೊಮ್ಮೆ ಆ ಕೊಟ್ಟಿಗೆಯಲ್ಲಿ ನಿಂತು ಇವನ ಮುಖ ನೋಡಬೇಕಿತ್ತು.

ಗಿರಾಕಿ ಆಗಲೇ ಗೊತ್ತಾಗಿದ್ದ. ಭೋರ್ ಸಂಸ್ಥಾನದ ಅಕ್ಕಿ ವ್ಯಾಪಾರಿ ದಿಗಂಬರ ಶೇಟ. ಪುಣೆಯ ನಂಬರು ತೆಗೆಸಿ ಸಂಸ್ಥಾನದ ನಂಬರು ಹಾಕಿಸುವ ಕಾಗದಗಳನ್ನೆಲ್ಲ ಏಕನಾಥ ಎರಡೇ ದಿನದಲ್ಲಿ ಮುಗಿಸಿದ. ಸಹಿಯ ಅಧಿಕಾರ ಇದ್ದವನಿಗೆ ಎಷ್ಟು ಸಲೀಸು ನೋಡಿ. ಗಾಡಿಯನ್ನು ಮುಟ್ಟಿಸಲು ಡ್ರೈವರನನ್ನು ಹುಡುಕುತ್ತೇನೆ ಎಂದಾಗ ಈರಣ್ಣ ತಾನೇ ಬರುತ್ತೇನೆ ಎಂದ. ದಾರಿಯ ಕಾತ್ರಜ ಘಾಟಿನಲ್ಲಿ ಯಾರೋ ಎತ್ತೆತ್ತಲೋ ಗೇರು ಜಗ್ಗಿ ಅದಕ್ಕೆ ನೋವು ಮಾಡುವುದು ಅವನಿಗೆ ಬೇಕಿರಲಿಲ್ಲ.

ಶ್ರಾವಣ ಸೋಮವಾರ. ಬೆಳಿಗ್ಗೆ ಮೋಟಾರು ತೆಗೆದದ್ದನ್ನು ನಾಗವ್ವ ನೋಡಿದಳು. “ಕಾಗದಾ ಬಂತೇನ್ರೀ?” ಎಂದಳು. “ಕಚೇರಿ ಕೆಲಸಾ ಅದ,” ಎಂದು ಮುಖ ತಿರುಗಿಸಿ ಹ್ಯಾಂಡಲ್ ಹೊಡೆದ. ಹೇಳಿದರೆ ಎಮ್ಮೆಯ ಮಾತು ಎತ್ತಿದವಳು ತಾನೇ ಎಂದು ಸಾಯುವವರೆಗೆ ಹಣೆ ಚಚ್ಚಿಕೊಳ್ಳುತ್ತಾಳೆ.

ಭೋರಿನಲ್ಲಿ ಶೇಟನ ಮನೆಯ ಮುಂದೆ ರಂಗೋಲಿ ಹಾಕಿತ್ತು. ಶೇಟ ಹೊಸ ಧೋತ್ರ ಉಟ್ಟು ಕಾದಿದ್ದ. ಚಕ್ರದ ಕೆಳಗೆ ನಿಂಬೆಹಣ್ಣು ಇಡಿಸಿದ, ಬಾನೆಟ್ಟಿಗೆ ಕುಂಕುಮ ಹಚ್ಚಿದ. “ಹೋದ ತಿಂಗಳೇ ಒಂದು ಗಾಡಿ ತೋರಿಸಿದ್ದರು,” ಎಂದು ಈರಣ್ಣನಿಗೆ ಅಕ್ಕರೆಯಿಂದ ಹೇಳಿದ. “ಧೋಂಡ್ಯಾ ಮಹಿನ್ಯಾದಲ್ಲಿ ಯಾರು ತಗೋತಾರೆ? ತಡೆದೆ. ತಡೆದದ್ದಕ್ಕೆ ಇಂಥ ಚಿನ್ನದಂಥ ಗಾಡಿ ಸಿಕ್ಕಿತು. ದೇವರು ದೊಡ್ಡವನು.”

ಈರಣ್ಣ ಕೀಲಿಕೈಗಳನ್ನು ಎತ್ತಿ ಕೊಟ್ಟ. ಶೇಟ ಎರಡೂ ಕೈ ಒಡ್ಡಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ಕಾಯಿ ಒಡೆದು ಅರ್ಧ ಹೋಳನ್ನು ಪ್ರಸಾದವೆಂದು ಇವನ ಕೈಯಲ್ಲಿಟ್ಟ.

ಅಕ್ಕಿಯ ಲಾರಿ ಹತ್ತಿ ಈರಣ್ಣ ಸಂಜೆಗೆ ಪುಣೆ ಮುಟ್ಟಿದ. ಬಂಗಲೆಯ ಹಿಂದೆ ನಾಗವ್ವ ಖೋಲಿಯ ಬಾಗಿಲಲ್ಲೇ ನಿಂತಿದ್ದಳು. ಅವನ ಕೈಯ ತೆಂಗಿನ ಹೋಳು, ಅದಕ್ಕೆ ಮೆತ್ತಿದ ಕುಂಕುಮ ನೋಡಿದಳು. ಮುಖ ಅರಳಿತು.

“ಪೂಜಿ ಆತೇನ್ರೀ?”

“ಆತು.”

“ಗಾಡಿ?”

“ದಾರಿಯಾಗ... ಬಿಟ್ಟು ಬಂದೇನಿ.”

ಅವಳು ಆ ಮಾತು ಪೂರಾ ಕೇಳಿಸಿಕೊಳ್ಳಲೂ ಇಲ್ಲ, ಒಳಗೆ ಓಡಿದಳು. ಟ್ರಂಕು ತೆರೆದ ಸದ್ದಾಯಿತು. ಇಳಕಲ್ ಸೆರಗಿನ ಗವಸಣಿಗೆಯನ್ನು ಎದೆಗೆ ಅವಚಿಕೊಂಡು ಬಂದಳು.

“ನಾ ಹೇಳಿದ್ದಿಲ್ಲೇನ್ರೀ? ಮಾಸ ಮುಗಿಯೂ ತನಕಾ ತಡದದ್ದು ಭಾಳ ಚಲೋ ಆತು ನೋಡ್ರಿ. ನಡೀರಿ, ಇದನ್ನ ಹಾಸೂಣು. ನಾ ಮುಂದ ಕೂಡಾಕಿ.”

ಈರಣ್ಣ ಹೊಸ್ತಿಲ ಮೇಲೆ ಕುಸಿದು ಕೂತ. ತೆಂಗಿನ ಹೋಳನ್ನು ತೊಡೆಯ ಮೇಲಿಟ್ಟುಕೊಂಡು, ಮುಖಕ್ಕೆ ರುಮಾಲು ಒತ್ತಿ, ಸಣ್ಣ ಮಗುವಿನ ಹಾಗೆ ಅಳತೊಡಗಿದ. ನಾಗವ್ವ ಸಂತೋಷಕ್ಕೆ ಅಳುತ್ತಾನೆ ಎಂದುಕೊಂಡು ಅವನ ಬೆನ್ನು ಸವರಿದಳು.