ಶಂಸೆತ್ ಬಚ್ಚಿಟ್ಟ ಮರಸೇಬು

ಲಾಬಾ ಹೊಳೆ ಬೆಟ್ಟ ಇಳಿದು ಬಯಲಿಗೆ ಕಾಲಿಡುವಲ್ಲಿರುವ ಬೆಶ್‌ಹಾಬ್ಲ್ ಊರಿನಲ್ಲಿ ಶಂಸೆತ್‌ಳಷ್ಟು ಅನುಮಾನದ ಹೆಂಗಸು ಇನ್ನೊಬ್ಬಳಿರಲಿಲ್ಲ. ವರ್ತನೆಯ ಹಾಲನ್ನು ಮೂಸಿ, ಬೆರಳಿಗೆ ಹಚ್ಚಿ, ಬೆಳಕಿಗೆ ಹಿಡಿದು, ಇಷ್ಟಾದ ಮೇಲೂ ‘ಏನೋ ಇದೆ’ ಎಂದು ಗೊಣಗಿಕೊಂಡೇ ಒಳಗೆ ಒಯ್ಯುವಳು. ಆ ಹಾಲಿನಿಂದ ಚೀಸ್ ಮಾಡಿ, ಹೊಗೆ ಕೊಟ್ಟು, ಮಂಗಳವಾರದ ಸಂತೆಯಲ್ಲಿ ಮಾರುವಳು. ಯಾರಾದರೂ ಚೌಕಾಸಿ ಮಾಡದೆ ಕೊಂಡರೆ ಅವಳಿಗೆ ಊಟ ರುಚಿಸದು. ಗಂಡ ಬದುಕಿದ್ದಾಗ ಛೇಡಿಸುತ್ತಿದ್ದ: “ಸೂರ್ಯ ಒಂದು ಗಳಿಗೆ ಮುಂಚೆ ಹುಟ್ಟಿದರೂ, ಯಾಕೆ ಬಂದೆ, ಯಾರು ಕಳಿಸಿದ್ರು ಅಂತ ಕೇಳೋಳು ನೀನು.”

ಆದರೆ ಮನೆಗೆ ಬಂದ ಅತಿಥಿಯನ್ನು ಮಾತ್ರ ಹಾಗೆ ಕೇಳುವಂತಿರಲಿಲ್ಲ. ಅಲ್ಲಿನ ಅದೀಘೆ ಜನರಲ್ಲಿ ಅತಿಥಿಯನ್ನು ಯಾರು, ಯಾಕೆ ಬಂದೆ, ಯಾವಾಗ ಹೋಗುತ್ತೀ ಎಂದು ಕೇಳಿದರೆ ಎದ್ದು ಹೋಗು ಎಂದಂತೆ. ಅತಿಥಿಯೂ ಅಷ್ಟೆ, ಇಂಥದ್ದು ಬೇಕು ಎಂದು ಬಾಯಿಬಿಡಬಾರದು, ಮುಂದಿಟ್ಟದ್ದನ್ನು ತಿನ್ನಬೇಕು. ಬಾಯಿಗೆ ಬೀಗ ಬಿದ್ದ ಮೇಲೆ ಕಣ್ಣು ಚುರುಕಾಗುತ್ತದೆ. ಹಿಂದಿನವರು ಬಂದವನು ಚಾವಟಿಯನ್ನು ಎಲ್ಲಿ ನೇತುಹಾಕಿದ ಎಂದು ನೋಡಿ, ಎಷ್ಟು ದಿನ ಉಳಿಯುತ್ತಾನೆ ಎಂದು ತಿಳಿಯುತ್ತಿದ್ದರು. ಹೊರಡುವವನು ಕುದುರೆಯ ಮುಖವನ್ನು ಮನೆಯ ಕಡೆ ತಿರುಗಿಸಿ ಹತ್ತಿದರೆ ಸಂತೋಷದಿಂದ ಹೋದ, ಬೀದಿಯ ಕಡೆ ತಿರುಗಿಸಿದರೆ ಮನಸ್ಸು ಕೆಡಿಸಿಕೊಂಡು ಹೋದ. ಈಗ ಕುದುರೆ ಹೋಗಿ ಕಾರು ಬಂದಿದೆ, ನೋಡುವ ಕಣ್ಣು ಅದೇ. ಇಂಥ ಗುರುತು ಓದುವುದರಲ್ಲಿ ಶಂಸೆತ್‌ಳನ್ನು ಮೀರಿಸುವವರಿಲ್ಲ ಎಂದು ಊರೇ ಒಪ್ಪಿತ್ತು. ಅವಳಂತೂ ಎಂದೋ ಒಪ್ಪಿಕೊಂಡಿದ್ದಳು.

ಅವಳಿಗೊಂದು ಹಳೆಯ ಭಯವಿತ್ತು. ಅಂಗಳದ ಮರಸೇಬಿನ ಮರ ಅವಳ ಗಂಡನ ಮನೆಯವರು ನೆಟ್ಟದ್ದಲ್ಲ. ನಾಲ್ಕೈದು ತಲೆಮಾರಿನ ಹಿಂದೆ ಯುದ್ಧದಲ್ಲಿ ಸೋತು, ಇದ್ದಬದ್ದದ್ದು ಬಿಟ್ಟು ಕಡಲು ದಾಟಿ ತುರ್ಕಿಗೆ ಹೋದವರಲ್ಲಿ ಈ ಜಾಗದವರೂ ಇದ್ದರು. ಖಾಲಿ ಬಿದ್ದ ನೆಲಕ್ಕೆ ಗಂಡನ ಮನೆಯವರು ಬಂದು ಕೂತರು. ಅತ್ತೆ ಇರುವ ತನಕ ಪ್ರತಿ ಸುಗ್ಗಿಗೂ ಮೊದಲ ಬುಟ್ಟಿ ಹಣ್ಣನ್ನು ಅತಿಥಿಗಳ ಕೋಣೆಯ ಕಿಟಕಿಯಲ್ಲಿ ಇಟ್ಟು “ಇದು ಯಜಮಾನರ ಪಾಲು” ಎನ್ನುತ್ತಿದ್ದಳು. ಅದು ಅಲ್ಲೇ ಕೊಳೆಯುತ್ತಿತ್ತು. ಅತ್ತೆ ಕಣ್ಣು ಮುಚ್ಚಿದ ವರ್ಷವೇ ಶಂಸೆತ್ ಅದನ್ನು ನಿಲ್ಲಿಸಿದಳು. ಪಾಲು ಇಟ್ಟರೆ ಪಾಲುದಾರರಿದ್ದಾರೆಂದು ಒಪ್ಪಿಕೊಂಡಂತಲ್ಲವೇ? ಅಂದಿನಿಂದ ಗೇಟಿನ ಮುಂದೆ ಅಪರಿಚಿತರ ನೆರಳು ಬಿದ್ದರೂ ಅವಳ ಎದೆ ಧಸಕ್ ಎನ್ನುತ್ತಿತ್ತು.

ಹಿಮ ಕರಗಿ ಅಂಗಳವೆಲ್ಲ ಕೆಸರಾಗಿದ್ದ ಕಾಲದಲ್ಲಿ ಅವನು ಬಂದ. ಬಾಡಿಗೆ ಕಾರು, ನರೆತ ಮೀಸೆ, ನೀಟಾಗಿ ಒರೆಸಿದ ಬೂಟು. ಗೇಟಿನಲ್ಲಿ ನಿಂತು, “ಅಮ್ಮಾ, ಅತಿಥಿಗೆ ಜಾಗ ಇದೆಯಾ?” ಎಂದ. ಹೆಸರು ಇನಾಲ್ ಎಂದಷ್ಟೇ ಹೇಳಿದ. ಆಡಿದ್ದು ಅವರದೇ ಭಾಷೆ, ಆದರೆ ಅವಳ ಅಜ್ಜಿಯ ಕಾಲದ ಮಾತು. ಕಾರನ್ನು ಗೇಟಿನೊಳಗೆ ಬೀದಿಗೆ ಮುಖ ಮಾಡಿ ನಿಲ್ಲಿಸಿದ್ದನ್ನು ಶಂಸೆತ್ ಮೊದಲು ನೋಡಿದಳು. ಓಡಿಹೋಗುವವನ ಲಕ್ಷಣ! ಬಾಯಲ್ಲಿ ಮಾತ್ರ, “ಬಾಪ್ಪಾ, ಮನೆ ನಿಂದೇ ಅಂದ್ಕೋ,” ಎಂದಳು. ಎಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು.

ಪಕ್ಕದ ಮನೆಯ ಮಿನ್‌ಹಾನ್ ಬೇಲಿಯ ಮೇಲಿಂದ ಕುತ್ತಿಗೆ ಚಾಚಿದ್ದಳು.

“ಅಕ್ಕಾ, ಯಾರದು?”

“ನಂಗೇನ್ ಗೊತ್ತು? ಕೇಳೋ ಹಾಗಿದೆಯಾ?”

“ತುರ್ಕಿಯೋನೇ. ಹೊಳೆ ಆಚೆ ಊರಲ್ಲೂ ಒಬ್ಬ ಹೀಗೇ ಬಂದು ಉಂಡು ಮಲಗಿ, ಹೋಗೋವಾಗ ತೋಟ ನಮ್ದು ಅಂದನಂತೆ.”

“ನೀನು ಕಣ್ಣಾರೆ ಕಂಡ್ಯಾ?”

“ಕಂಡವರನ್ನ ಕಂಡೆ. ಮರ ನೋಡ್ತಾ ಇದಾನೆ ನೋಡಕ್ಕಾ, ಮರ!”

ಹೌದು, ಇನಾಲ್ ಮರದ ಕೆಳಗೇ ನಿಂತಿದ್ದ. ಬುಡದ ಹತ್ತಿರ ಹಳೆಯ ಕಸಿಯ ಗಂಟಿತ್ತು. ಕುಕ್ಕರಗಾಲಲ್ಲಿ ಕೂತು ಆ ಗಂಟನ್ನು ಬೆರಳಿನಿಂದ ತಡವುತ್ತಿದ್ದ. ಕಸಿ ಕಟ್ಟಿದ ಕೈ ಯಾವುದೆಂದು ಗಂಟು ನೋಡಿ ಹೇಳುವವರಿದ್ದಾರೆ ಎಂದು ಶಂಸೆತ್ ಕೇಳಿದ್ದಳು.

ಒಳಗೆ ಹೋದವಳೇ ಅಡುಗೆಮನೆಯ ತೊಲೆಯಿಂದ ಒಣಗಿಸಿದ ಮರಸೇಬಿನ ಸರಗಳನ್ನೆಲ್ಲ ಇಳಿಸಿದಳು. ಇವನು ಒಂದನ್ನು ಬಾಯಿಗಿಟ್ಟು ‘ಇದು ನಮ್ಮ ಮರದ್ದೇ ರುಚಿ’ ಎಂದರೆ ಮುಗಿಯಿತಲ್ಲ! ಸರಗಳ ಜೊತೆ ಹಣ್ಣಿನ ಪಾಕದ ಭರಣಿಗಳನ್ನೂ ಗೋಣಿಗೆ ತುಂಬಿ, ಹಿತ್ತಲ ಬಾಗಿಲಿನಿಂದ ಸಾಗಿಸಿ, ಮಿನ್‌ಹಾನ್‌ಳ ಅಟ್ಟಕ್ಕೆ ಏರಿಸಿದಳು. ಬದುಕಿನಲ್ಲಿ ಮೊದಲ ಸಲ ಅತಿಥಿಯಿಂದ ತಿನ್ನುವ ವಸ್ತುವನ್ನು ಬಚ್ಚಿಟ್ಟಿದ್ದಳು. ನಾಚಿಕೆಯಾಯಿತು. ಆ ನಾಚಿಕೆಗೂ ಇವನೇ ಕಾರಣ ಎಂದು ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಉಳಿದದ್ದಕ್ಕೆ ಏನೂ ಕೊರತೆ ಮಾಡಲಿಲ್ಲ. ಕೋಳಿ ಕೊಯ್ದಳು, ನವಣೆ ಮುದ್ದೆ ತಿರುವಿದಳು, ಚೀಸ್ ತುಂಬಿದ ಕಡುಬು ಕರಿದಳು. ಅವನು ಎಲ್ಲವನ್ನೂ ಹೊಗಳಿಕೊಂಡು ತಿಂದ. ತಿಂದು ಮುಗಿಸುವಾಗ ಮಾತ್ರ ಅವನ ಕಣ್ಣು ಬರಿದಾದ ತೊಲೆಯ ಕಡೆಗೆ, ಅಲ್ಲಿಂದ ಕಿಟಕಿಯಾಚೆಯ ಮರದ ಕಡೆಗೆ ಹೋಗಿ, ಇನ್ನೇನೋ ಬರಬೇಕಿದೆ ಎಂಬಂತೆ ಅವಳ ಕೈಯ ಮೇಲೆ ನಿಲ್ಲುತ್ತಿತ್ತು. ಅವಳು ಚಹಾ ತಂದಿಟ್ಟಳು. ಜೇನು ತಂದಿಟ್ಟಳು. ಅವನು ನಿಟ್ಟುಸಿರುಬಿಟ್ಟು ಚಹಾ ಕುಡಿದ.

ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಹೋಗುವ ಸುದ್ದಿಯಿಲ್ಲ. ಬೇಲಿ ರಿಪೇರಿ ಮಾಡಿಕೊಟ್ಟ. ಬೇಲಿ ಎಷ್ಟು ಉದ್ದ ಎಂದು ನೋಡಲಿಕ್ಕೆ ಎಂದು ಅವಳು ತಿಳಿದಳು. ಕಟ್ಟಿಗೆ ಒಡೆದುಕೊಟ್ಟ. ಮನೆಯವನಂತೆ ನಡೆದುಕೊಳ್ಳುವುದನ್ನು ಈಗಲೇ ಕಲಿಯುತ್ತಿದ್ದಾನೆ ಎಂದುಕೊಂಡಳು. ಮಂಗಳವಾರ, ಅತಿಥಿ ಇದ್ದಾನೆಂದು ಸಂತೆ ಬಿಟ್ಟು ಮನೆಯಲ್ಲೇ ಉಳಿದವಳು ಬೆಳಗ್ಗೆ ಕೋಳಿಗಳಿಗೆ ಕಾಳು ಹಾಕಲು ಹೊರಗೆ ಬಂದರೆ, ಇನಾಲ್ ಮರಕ್ಕೆ ಹಣೆ ಒತ್ತಿ ಏನೋ ಪಿಸುಗುಡುತ್ತಿದ್ದ. ಶಂಸೆತ್‌ಳ ಸಹನೆಯ ಕಟ್ಟೆ ಒಡೆಯಿತು.

“ಯಾಕಪ್ಪಾ ಬಂದಿದೀಯಾ ನೀನು?” ಎಂದುಬಿಟ್ಟಳು. “ಏನು ಬೇಕು ನಿಂಗೆ ನನ್ನ ಮನೇಲಿ?”

ಇನಾಲ್ ನಿಧಾನಕ್ಕೆ ತಿರುಗಿ, ಟೋಪಿ ನೆಟ್ಟಗೆ ಮಾಡಿಕೊಂಡ. ಮುಖದಲ್ಲಿ ಕೋಪವಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು.

“ಕೇಳಿದ್ರಲ್ಲ ಅಮ್ಮಾ, ಹೇಳಿ ಹೊರಡ್ತೀನಿ,” ಎಂದ. “ಈ ಮರಕ್ಕೆ ಕಸಿ ಕಟ್ಟಿದ್ದು ನಮ್ಮಜ್ಜಿಯ ಅಜ್ಜಿ. ಊರು ಬಿಡೋ ದಿನ ಹೊಟ್ಟೆ ಉರಿದು, ಇನ್ಮೇಲೆ ಇದರ ಹಣ್ಣು ತಿಂದೋರಿಗೆ ಅದು ಹರಾಮಾಗಲಿ ಅಂತ ಶಾಪ ಹಾಕಿದ್ಳಂತೆ. ಹಡಗು ಹತ್ತಿದ ಮೇಲೆ ಪಶ್ಚಾತ್ತಾಪ. ಯಾರೋ ಏನೂ ಅರಿಯದ ಮಕ್ಕಳು ತಿಂತಾವೆ ಅಂತ ಸಾಯೋವರೆಗೂ ಅತ್ತಳು. ನಮ್ಮೋರಲ್ಲಿ ಯಾರಾದ್ರೂ ಹೋಗಿ, ಆ ಮನೆಯವರು ಕೈಯಾರೆ ಕೊಟ್ಟ ಹಣ್ಣು ತಿಂದು, ಹಲಾಲ್, ತಿಂದೋರಿಗೆ ಸಲ್ಲಲಿ ಅಂದುಬಿಡಿ, ಶಾಪ ಇಳಿಯತ್ತೆ ಅಂದಳು. ಯಾರಿಗೂ ಬರೋಕಾಗಲಿಲ್ಲ. ನನಗಾಯ್ತು.”

“ಅಯ್ಯೋ, ಮೊದಲೇ ಹೇಳಬಾರದಾಗಿತ್ತೇನಪ್ಪಾ!”

“ಕೇಳಿ ತಿಂದರೆ ಅದು ಕೊಟ್ಟದ್ದು ಆಗತ್ತಾ ಅಮ್ಮಾ? ನೀವಾಗೇ ಕೊಡ್ತೀರಿ ಅಂತ ದಿನಾ ಕಾದೆ.”

ಶಂಸೆತ್ ಕಾಳಿನ ಬೋಗುಣಿಯನ್ನು ಅಲ್ಲೇ ಕೆಳಗಿಟ್ಟಳು. ಮದುವೆಯಾಗಿ ಬಂದಾಗಿನಿಂದ ತಿಂದ ಹಣ್ಣು, ಬಾಣಂತನದಲ್ಲಿ ತಿಂದದ್ದು, ಗಂಡನ ಕೊನೆಯ ಕಾಯಿಲೆಯಲ್ಲಿ ಪಾಕ ಮಾಡಿ ಕುಡಿಸಿದ್ದು, ಎಲ್ಲ ಒಮ್ಮೆಗೇ ನೆನಪಾಯಿತು. “ನಿಲ್ಲಪ್ಪಾ, ಇರು, ಈಗ ಬಂದೆ!” ಎಂದವಳು ಹಣ್ಣು ಎಲ್ಲಿದೆ ಎಂದು ಹೇಳಲು ನಾಚಿ, ಹಿತ್ತಲ ಬಾಗಿಲಿನಿಂದ ಓಡಿದಳು.

ಮಿನ್‌ಹಾನ್‌ಳ ಮನೆಗೆ ಬೀಗ. ಮಂಗಳವಾರ, ಸಂತೆಗೆ ಹೋಗಿದ್ದಾಳೆ. ಕೆಸರಿನಲ್ಲಿ ಒಂದು ಚಪ್ಪಲಿ ಸಿಕ್ಕಿಕೊಂಡಿತು, ಅದನ್ನು ಅಲ್ಲೇ ಬಿಟ್ಟು ಸಂತೆಗೆ ಓಡಿದಳು. ಮೊಟ್ಟೆ ಮಾರುತ್ತಿದ್ದ ಮಿನ್‌ಹಾನ್, “ಏನಕ್ಕಾ, ಮನೆ ಬರೆಸ್ಕೊಂಡ್ನಾ?” ಎಂದು ಕಣ್ಣರಳಿಸಿದಳು. “ಮೊದ್ಲು ಬೀಗದ ಕೈ ಕೊಡೇ ಮಾರಾಯ್ತಿ!” ಎಂದು ಶಂಸೆತ್ ಅದನ್ನು ಕಸಿದುಕೊಂಡಳು. ಅಟ್ಟ ಹತ್ತಿ, ಸರವೊಂದನ್ನು ಎಳೆದುಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ ಕಾರು ಇರಲಿಲ್ಲ.

ಇದ್ದದ್ದು ಕೆಸರಿನಲ್ಲಿ ಚಕ್ರದ ಗುರುತು. ಊರಿಗೇ ಗುರುತು ಓದಿ ಹೇಳುತ್ತಿದ್ದವಳು ಮೊಣಕಾಲೂರಿ ಓದಿದಳು. ಬೀದಿಗೆ ಮುಖವಾಗಿದ್ದ ಕಾರನ್ನು ಅವನು ಪೂರ್ತಿ ತಿರುಗಿಸಿ, ಮನೆಗೆ ಮುಖ ಮಾಡಿ ನಿಲ್ಲಿಸಿದ್ದ. ಚಕ್ರಗಳು ಅಲ್ಲಿ ಆಳಕ್ಕೆ ಹೂತಿದ್ದವು, ತುಂಬ ಹೊತ್ತು ಕಾದಿದ್ದ. ಆಮೇಲೆ ಹಿಂದಕ್ಕೇ ನಡೆಸಿಕೊಂಡು ಗೇಟು ದಾಟಿದ್ದ. ಬೇಸರವಿಲ್ಲ ಎಂದು ಗುರುತು ಹೇಳುತ್ತಿತ್ತು. ಆದರೆ ಮನೆಯವಳು ಹಿತ್ತಲ ಬಾಗಿಲಿನಿಂದ ತಪ್ಪಿಸಿಕೊಂಡು ಹೋದಳು ಎಂದು ಅವನು ಓದಿಕೊಂಡಿದ್ದರೆ? ಹೋಗುವ ಮುಂಚೆ, ಹಣ್ಣು ತಿನ್ನದೆಯೂ, ಹಲಾಲ್ ಎಂಬ ಆ ಒಂದು ಮಾತು ಅಂದನೋ ಇಲ್ಲವೋ? ಆಡಿದ ಮಾತು ಕೆಸರಿನಲ್ಲಿ ಮೂಡುವುದಿಲ್ಲ. ಶಂಸೆತ್ ಸರವನ್ನು ಮಡಿಲಲ್ಲಿಟ್ಟುಕೊಂಡು ಜೋರಾಗಿ ಅತ್ತಳು.

ಅವನ ಊರು ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಿರಲಿಲ್ಲ.

ಆ ಸುಗ್ಗಿಯಿಂದ ಮೊದಲ ಬುಟ್ಟಿ ಮತ್ತೆ ಕಿಟಕಿಗೆ ಬಂತು. ಶಂಸೆತ್ ಮಾತ್ರ ಮರಸೇಬನ್ನು ಬಾಯಿಗಿಡುವುದಿಲ್ಲ. ಹಾಲನ್ನು ಈಗಲೂ ಮೂಸುತ್ತಾಳೆ, ಗಿರಾಕಿಗಳನ್ನು ಈಗಲೂ ನಂಬುವುದಿಲ್ಲ. ಆದರೆ ದಾರಿಯಲ್ಲಿ ಅಪರಿಚಿತರು ಕಂಡರೆ ಸಾಕು, ಬಸ್ಸಿನ ಡ್ರೈವರಾಗಲಿ, ದಾರಿ ತಪ್ಪಿ ಬಂದ ಪ್ರವಾಸಿಯಾಗಲಿ, ಸೆರಗು ಹಿಡಿದ ಮಗುವಿನಂತೆ ಬೆನ್ನುಬಿದ್ದು ಕೈಗೊಂದು ಹಣ್ಣು ತುರುಕುತ್ತಾಳೆ. ಊರವರು ನಗುತ್ತಾರೆ. ಬಂದವರು ಕಕ್ಕಾಬಿಕ್ಕಿಯಾಗಿ ಹಣ್ಣು ಕಚ್ಚುತ್ತಾರೆ, ಚೆನ್ನಾಗಿದೆ ಅಮ್ಮಾ ಎನ್ನುತ್ತಾರೆ. ಅವಳು ಅಲ್ಲಾಡದೆ ಎದುರಿಗೇ ನಿಂತು, ಅವರು ಇನ್ನೂ ಏನಾದರೂ ಅನ್ನುತ್ತಾರೇನೋ ಎಂದು ಅವರ ತುಟಿಯನ್ನೇ ನೋಡುತ್ತಾಳೆ.