ಬೀರಪ್ಪನ ಹೆಸರು ಕರೆದವರು ಯಾರು?

ಗಾಳಿ, ದೆವ್ವ ಎಂದರೆ ನಾನು ಮೊದಲಿನಿಂದಲೂ ನಗುವವಳು. ಬೀದರಿನ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ನರ್ಸ್ ಆಗಿದ್ದವಳಿಗೆ ಅಂಥದ್ದಕ್ಕೆಲ್ಲ ಪುರಸೊತ್ತಾದರೂ ಎಲ್ಲಿ? ಆದರೂ ಇದೊಂದನ್ನು ನಿಮ್ಮ ಮುಂದೆ ಇಡುತ್ತೇನೆ. ನಗುವುದಿದ್ದರೆ ನಕ್ಕುಬಿಡಿ.

ಅದು ಬರದ ವರ್ಷ. ಔರಾದ್ ಕಡೆಯ ಮಂದಿ ದುಡಿಯಲು ಪುಣೆ, ಮುಂಬೈ ಸೇರಿದ್ದರು. ಠಾಣಾ ಕುಶನೂರಿನ ಬೀರಪ್ಪ ಹಾಗೆ ಹೊರಟವನೇ ಲಾರಿಯಿಂದ ಬಿದ್ದು, ತಲೆಗೆ ಪೆಟ್ಟಾಗಿ ನಮ್ಮ ವಾರ್ಡಿಗೆ ಬಂದ. ಹನ್ನೊಂದು ದಿನ ಕಣ್ಣು ಬಿಡಲಿಲ್ಲ. ಅಣ್ಣತಮ್ಮಂದಿರೆಲ್ಲ ಮೊದಲೇ ಊರು ಬಿಟ್ಟಿದ್ದರಿಂದ ಜೊತೆಗಿದ್ದವಳು ಹೆಂಡತಿ ಕಾಶೀಬಾಯಿ ಒಬ್ಬಳೇ.

ಪರಿಚಯದ ದನಿ ಕೇಳಿದರೆ ಇಂಥವರಿಗೆ ಒಮ್ಮೊಮ್ಮೆ ಎಚ್ಚರವಾಗುತ್ತದೆ, ಮನೆಯವರಿಂದ ಹೆಸರು ಕರೆಸಿ ಎಂದು ಡಾಕ್ಟರು ಹೇಳಿದ್ದರು. ನಾನಂತೂ ಕರೆದು ಕರೆದು ಸೋತಿದ್ದೆ. ಕಾಶೀಬಾಯಿ ಮಾತ್ರ ಅವನ ಕೈ ಹಿಡಿದು, "ಕೇಳ್ರಿ, ಇಲ್ಲಿ ನೋಡ್ರಿ" ಅನ್ನುವಳೇ ಹೊರತು ಹೆಸರು ಎತ್ತಲೊಲ್ಲಳು.

"ಹೆಸರು ಹಿಡ್ದು ಕರಿ ಯವ್ವಾ" ಎಂದೆ.

"ಬ್ಯಾಡ್ರಿ ಅಕ್ಕಾ. ಗಂಡನ ಹೆಸರು ಹೇಳಿದ್ರ ಆಯುಷ್ಯ ಕಮ್ಮಿ ಆಗ್ತದರಿ."

"ಇನ್ನ ಎಷ್ಟು ಉಳದದಂತ ಕಮ್ಮಿ ಆಗ್ತದ?" ಅಂದುಬಿಟ್ಟೆ. ಹಾಳು ನಾಲಿಗೆ ನನ್ನದು! ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು, ಕೊಡ ಎತ್ತಿಕೊಂಡು ಹೊರಗೆ ಹೋದಳು. ನನಗೆ ನಾಚಿಕೆಯಾಯಿತು.

ನಡುಮಧ್ಯಾಹ್ನ. ಅವನ ಚಾದರ ಸರಿಮಾಡುತ್ತಿದ್ದೆ. "ಬೀರಪ್ಪಾ!" ಎಂದು ಹೆಂಗಸಿನ ದನಿ ಕೇಳಿಸಿತು, ನನ್ನ ಕಿವಿಯ ಪಕ್ಕದಲ್ಲೇ. ಕಾಶೀಬಾಯಿಯದೇ ದನಿ. ಕೊನೆಗೂ ಬುದ್ಧಿ ಬಂತಲ್ಲ ಎಂದು ತಿರುಗಿದರೆ ಅಲ್ಲಿ ಯಾರೂ ಇಲ್ಲ. ಮತ್ತೆ ಇತ್ತ ನೋಡಿದೆ. ಬೀರಪ್ಪ ಕಣ್ಣು ಬಿಟ್ಟಿದ್ದ.

"ಕಾಶಿ... ಕರದಳು..." ಎಂದು ತೊದಲಿದ.

ಕಿಟಕಿಗೆ ಓಡಿದೆ. ಕೆಳಗೆ ಅಂಗಳದಲ್ಲಿ, ನೀರಿನ ಟ್ಯಾಂಕರಿನ ಸಾಲಿನಲ್ಲಿ ಕಾಶೀಬಾಯಿ ನಿಂತಿದ್ದಳು. ಸೆರಗು ಇನ್ನೂ ಬಾಯಿಗೇ ಇತ್ತು.

ಬೀರಪ್ಪ ಮೆಲ್ಲಗೆ ಸುಧಾರಿಸಿದ. ಊರಿಗೆ ಹೊರಟ ದಿನ ನಾನು ತಡೆಯಲಾರದೆ ಅವಳನ್ನು ಪಕ್ಕಕ್ಕೆ ಕರೆದು, "ಖರೇ ಹೇಳು, ಅವತ್ತು ಕರದಿದ್ದಿ ಏನು?" ಎಂದು ಕೇಳಿದೆ.

ಅವಳು ಗಂಡನ ಕಡೆ ನೋಡಿ ದನಿ ತಗ್ಗಿಸಿದಳು. "ಕರದಿದ್ದೆರಿ ಅಕ್ಕಾ. ಸಾಲಿನ್ಯಾಗ ನಿಂತು, ಒಂದೇ ಸಲ. ಬಾಯಿಲೆ ಅಲ್ರಿ, ಮನಸ್ಸಿನ್ಯಾಗ. ಮನಸ್ಸಿನ್ಯಾಗ ಕರದ್ರ ಅವರ ಆಯುಷ್ಯಕ್ಕ ಏನೂ ಆಗಲ್ಲಲ್ರಿ?"

"ಏನೂ ಆಗಲ್ಲವ್ವಾ" ಎಂದೆ. ಮತ್ತೇನು ಹೇಳಲಿ? ಅವನಿಗೆ ಕೇಳಿಸಿತು ಅನ್ನಿ, ಅವನು ಅವಳ ಗಂಡ. ನನಗೆ ಹೇಗೆ ಕೇಳಿಸಿತು?